ಕೆಲ್ಟಿಕ್ ದೇವತೆಗಳ ವಂಶವೃಕ್ಷ ಯಾಕೆ ಕೂಡಿಬರುವುದಿಲ್ಲ?

ಪ್ರಶ್ನೆ: ನಮ್ಮೂರ ಗ್ರಂಥಾಲಯದಲ್ಲಿ ಶನಿವಾರದ ಹೊತ್ತು ಹೈಸ್ಕೂಲು ಮಕ್ಕಳಿಗೆ ಕಥೆ ಹೇಳುತ್ತೇನೆ. ಹೋದ ವರ್ಷ ಗ್ರೀಕ್ ದೇವತೆಗಳ ವಂಶವೃಕ್ಷವನ್ನು ಗೋಡೆಯಗಲ ಬರೆದು ತೂಗುಹಾಕಿದ್ದೆ, ಮಕ್ಕಳಿಗೆ ಬಹಳ ಹಿಡಿಸಿತ್ತು. ಈ ವರ್ಷ ಆರು ವಾರಕ್ಕೆ ಕೆಲ್ಟಿಕ್ ದೇವತೆಗಳನ್ನು ಎತ್ತಿಕೊಂಡು ಸೋತಿದ್ದೇನೆ. ಇಪ್ಪತ್ತನಾಲ್ಕು ಹೆಸರು ಬರೆದುಕೊಂಡೆ. ಒಂದು ಕಡೆ ಡಾನು ಎಲ್ಲ ದೇವತೆಗಳ ತಾಯಿ ಎಂದಿದೆ, ಅವಳ ಕಥೆ ಹುಡುಕಿದರೆ ಒಂದೂ ಸಿಗುವುದಿಲ್ಲ. ಕೆರ್ನುನ್ನೋಸ್‌ನ ತಂದೆ ಯಾರು, ಹೆಂಡತಿ ಯಾರು ಎಂದು ಮೂರು ಕಡೆ ಮೂರು ಉತ್ತರ. ಇದರ ಮೇಲೆ, ಡಾನು ಅಂದರೆ ನಮ್ಮ ದನು, ಕೆರ್ನುನ್ನೋಸ್ ಅಂದರೆ ಪಶುಪತಿ, ಡ್ರುಯಿಡರು ಅಂದರೆ ವಲಸೆ ಹೋದ ಬ್ರಾಹ್ಮಣರು ಎಂದು ಪರಿಚಯದವರೊಬ್ಬರು ಸಂದೇಶ ಕಳಿಸಿದ್ದಾರೆ. ಇದರಲ್ಲಿ ಯಾವುದನ್ನು ಮಕ್ಕಳಿಗೆ ಹೇಳಬಹುದು? ಹೆಸರುಗಳನ್ನು ಕನ್ನಡದಲ್ಲಿ ಹೇಗೆ ಬರೆಯಲಿ?

ಉತ್ತರ: ಪಟ್ಟಿ ಕೂಡಿಬರದಿರುವುದು ನಿಮ್ಮ ಓದಿನ ಕೊರತೆಯಿಂದಲ್ಲ. ನೀವು ಹುಡುಕುತ್ತಿರುವ ವಂಶವೃಕ್ಷ ಯಾವ ಕಾಲದಲ್ಲೂ ಇರಲಿಲ್ಲ. ಹಾಗಾಗಿ ಅದನ್ನು ಬರೆಯಲು ಹೊರಟವರೆಲ್ಲ ತಮ್ಮದೇ ಒಂದೊಂದು ಮರ ನೆಟ್ಟಿದ್ದಾರೆ. ನಿಮಗೆ ಸಿಕ್ಕಿದ ಮೂರು ಉತ್ತರ ಅಂಥ ಮೂರು ಮರಗಳು.

ಗ್ರೀಕರಲ್ಲಿ ಕ್ರಿಸ್ತಪೂರ್ವ 700ರ ಸುಮಾರಿಗೇ ಹೆಸಿಯಡ್ ಎಂಬ ಕವಿ ಕೂತು ಯಾರಿಗೆ ಯಾರು ಹುಟ್ಟಿದರು ಎಂದು ಸಾಲಾಗಿ ಬರೆದಿಟ್ಟ. ಕೆಲ್ಟರಲ್ಲಿ ಹಾಗೆ ಬರೆದವರಿಲ್ಲ. ಅವರ ಪುರೋಹಿತವರ್ಗವಾದ ಡ್ರುಯಿಡರು ವಿದ್ಯೆಯನ್ನು ಬರಹಕ್ಕೆ ಇಳಿಸುತ್ತಿರಲಿಲ್ಲ, ಕೆಲವರು ಇಪ್ಪತ್ತು ವರ್ಷ ಕೂತು ಬಾಯಿಪಾಠ ಮಾಡುತ್ತಿದ್ದರು ಎಂದು ಜೂಲಿಯಸ್ ಸೀಸರ್ ದಾಖಲಿಸಿದ್ದಾನೆ. ಆ ಬಾಯಿಪಾಠ ಬಾಯಲ್ಲೇ ಮುಗಿಯಿತು. ಇನ್ನೊಂದು ತೊಡಕು 'ಕೆಲ್ಟಿಕ್' ಎಂಬ ಪದದ್ದೇ. ಅದು ಒಂದು ರಾಜ್ಯದ ಹೆಸರಲ್ಲ, ಒಂದು ಮತದ ಹೆಸರೂ ಅಲ್ಲ. ಸ್ಪೇನ್, ಫ್ರಾನ್ಸ್ (ಆಗಿನ ಗಾಲ್), ಬ್ರಿಟನ್, ಐರ್ಲೆಂಡ್, ಇತ್ತ ಟರ್ಕಿಯ ನಡುಭಾಗದ ಗಲಾಟಿಯದವರೆಗೆ ನಂಟುಳ್ಳ ಭಾಷೆಗಳನ್ನು ಆಡುತ್ತಿದ್ದ ಅನೇಕ ಬುಡಕಟ್ಟುಗಳಿಗೆ ಒಟ್ಟಾರೆ ಇಟ್ಟ ಹೆಸರು. ಮಧ್ಯಯುಗದ ಐರಿಷ್ ಕಥೆಗಾರನಿಗೆ ತಾನು ಕೆಲ್ಟ ಎಂಬ ಅರಿವೇ ಇರಲಿಲ್ಲ. ಒಂದೊಂದು ಹೊಳೆಗೆ, ಒಂದೊಂದು ಬುಗ್ಗೆಗೆ, ಒಂದೊಂದು ಕುಲಕ್ಕೆ ಒಬ್ಬೊಬ್ಬ ದೇವತೆ. ಗ್ರಾಮದೇವತೆಗಳ ನಾಡಿನಲ್ಲಿ ಬೆಳೆದ ನಮಗೆ ಇದು ಬೇಗ ಅರ್ಥವಾಗಬೇಕು. ಊರೂರಿನ ಅಮ್ಮಂದಿರನ್ನೆಲ್ಲ ಒಂದೇ ವಂಶವೃಕ್ಷದಲ್ಲಿ ಕೂರಿಸಿ ಎಂದು ಯಾರಾದರೂ ಕೇಳಿದರೆ ನಾವು ನಗುತ್ತೇವಲ್ಲ, ಹಾಗೆ.

ಆದ್ದರಿಂದ ಪಟ್ಟಿಯ ಪ್ರತಿ ಹೆಸರಿನ ಮುಂದೆ "ಯಾರ ಮಗ?" ಎಂದು ಕೇಳುವುದನ್ನು ಬಿಟ್ಟು "ಎಲ್ಲಿಂದ ಬಂದ?" ಎಂದು ಕೇಳಿ. ಉತ್ತರ ನಾಲ್ಕರಲ್ಲಿ ಒಂದಾಗಿರುತ್ತದೆ: ಕಲ್ಲು ಅಥವಾ ಲೋಹದ ಮೇಲಿನ ಬರಹ, ರೋಮನ್ ಲೇಖಕನ ಮಾತು, ಮಧ್ಯಯುಗದ ಹಸ್ತಪ್ರತಿ, ಇಲ್ಲವೇ ಕಳೆದ ಮುನ್ನೂರು ವರ್ಷದ ಕಲ್ಪನೆ. ಈ ಒಂದು ಕೆಲಸ ಮಾಡಿದರೆ ಅರ್ಧ ಗೊಂದಲ ತಾನಾಗಿ ಕರಗುತ್ತದೆ.

ಕಲ್ಲಿನಿಂದ ಶುರುಮಾಡೋಣ, ಏಕೆಂದರೆ ಆ ದೇವರನ್ನು ನಿಜವಾಗಿ ಪೂಜಿಸಿದ ಜನ ಮಾತಾಡುವುದು ಅಲ್ಲಿ ಮಾತ್ರ. ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ದಿನಕ್ಕೆ ಹತ್ತು ಲಕ್ಷ ಲೀಟರಿಗೂ ಮಿಕ್ಕು ಬಿಸಿನೀರು, ಸುಮಾರು 46 ಡಿಗ್ರಿ ಶಾಖದಲ್ಲಿ, ನೆಲದಿಂದ ಉಕ್ಕುತ್ತದೆ. ಆ ಬುಗ್ಗೆಯ ದೇವತೆ ಸೂಲಿಸ್. ರೋಮನ್ನರು ಬಂದು ಗುಡಿ ಕಟ್ಟಿ, ತಮ್ಮ ದೇವಿ ಮಿನರ್ವಾಳ ಹೆಸರು ಸೇರಿಸಿ ಅವಳನ್ನು 'ಸೂಲಿಸ್ ಮಿನರ್ವಾ' ಎಂದು ಕರೆದರು. ಸವದತ್ತಿಯ ಎಲ್ಲಮ್ಮನನ್ನು ರೇಣುಕೆ ಎಂದು ಗುರುತಿಸಿದ ರೀತಿಯದೇ ಕೆಲಸ: ಹಳೆಯ ಹೆಸರು ಹೋಗಲಿಲ್ಲ, ಪಕ್ಕಕ್ಕೆ ದೊಡ್ಡ ಹೆಸರು ಬಂತು. 1979-80ರ ಉತ್ಖನನದಲ್ಲಿ ಆ ಬುಗ್ಗೆಯೊಳಗಿಂದ ಸುಮಾರು 130 ಸೀಸದ ತಗಡುಗಳು ಸಿಕ್ಕವು. ಬಹುಪಾಲು ಕಳವಾದ ವಸ್ತುವಿಗಾಗಿ ಸೂಲಿಸ್‌ಗೆ ಬರೆದ ದೂರುಗಳು. ಡೊಕಿಮೆಡಿಸ್ ಎಂಬವನು ಎರಡು ಕೈಗವಸು ಕಳೆದುಕೊಂಡು, ಕದ್ದವನ ಬುದ್ಧಿಯೂ ಕಣ್ಣೂ ಹೋಗಲಿ ಎಂದು ಶಾಪ ಹಾಕಿಸಿದ್ದಾನೆ. ಕೈಗವಸಿಗೆ ಕಣ್ಣು! ಮಕ್ಕಳು ಇದನ್ನು ಮರೆಯುವುದಿಲ್ಲ.

ಅದೇ ದೇಶದ ಗ್ಲಾಸ್ಟರ್‌ಶೈರ್‌ನ ಲಿಡ್ನಿಯಲ್ಲಿ ನೋಡೆನ್ಸ್ ದೇವರ ಗುಡಿಯ ಅವಶೇಷವಿದೆ. ಅಲ್ಲಿ ದೇವರ ವಿಗ್ರಹ ಸಿಕ್ಕಿಲ್ಲ, ನಾಯಿಗಳ ಪುಟ್ಟ ಬೊಂಬೆಗಳು ಸಿಕ್ಕಿವೆ. ರೋಗಿಗಳು ಗುಣವಾಗಲು ಬಂದು ತಂಗುತ್ತಿದ್ದ ಜಾಗ ಅದು ಎಂಬುದು ವಿದ್ವಾಂಸರ ಊಹೆ. ಉಂಗುರ ಕಳೆದುಕೊಂಡ ಸಿಲ್ವಿಯಾನುಸ್ ಅಲ್ಲಿ ಒಂದು ತಗಡು ಬರೆಸಿದ್ದಾನೆ: ಉಂಗುರದ ಬೆಲೆಯಲ್ಲಿ ಅರ್ಧ ದೇವರಿಗೆ, ಸೆನಿಕಿಯಾನುಸ್ ಎಂಬ ಹೆಸರಿನವರಿಗೆ ಅದು ಗುಡಿಗೆ ಬರುವವರೆಗೂ ಆರೋಗ್ಯ ಬೇಡ. ಅನುಮಾನ ಯಾರ ಮೇಲೆ ಎಂಬುದನ್ನು ಮುಚ್ಚಿಡುವ ಗೋಜಿಗೇ ಹೋಗಿಲ್ಲ. ಈ ನೋಡೆನ್ಸ್‌ನನ್ನು ಶಾಸನಗಳು ರೋಮನ್ ಯುದ್ಧದೇವ ಮಾರ್ಸ್‌ನೊಂದಿಗೆ ಜೋಡಿಸುತ್ತವೆ. ಜರ್ಮನಿಯ ಟ್ರಿಯರ್‌ನಲ್ಲೂ ಲೇನುಸ್ ಎಂಬ ವೈದ್ಯದೇವನಿಗೆ ಮಾರ್ಸ್ ಎಂದೇ ಹೆಸರು. ಅಂದರೆ ರೋಮನ್ ಹೆಸರು ನೋಡಿ 'ಯುದ್ಧದ ದೇವರು' ಎಂದು ಬರೆದುಕೊಂಡರೆ ತಪ್ಪುತ್ತೀರಿ. ಪಟ್ಟಿಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ.

ಕಲ್ಲಿನ ದೊಡ್ಡ ಕೊರತೆ ಎಂದರೆ ಅದು ಕಥೆ ಹೇಳುವುದಿಲ್ಲ. ಹೆಸರು, ಹರಕೆ ಹೊತ್ತವನ ಹೆಸರು, ಹರಕೆ ತೀರಿಸಿದೆ ಎಂಬ ಒಂದು ಸಾಲು, ಅಷ್ಟೇ. ಗಾಲ್‌ನಲ್ಲಿ ನೂರಾರು ದೇವತೆಗಳ ಹೆಸರು ಸಿಕ್ಕಿವೆ, ಬಹುಪಾಲು ಒಂದೇ ಒಂದು ಶಾಸನದಲ್ಲಿ. ಫ್ರಾನ್ಸ್‌ನ ಸರಬೂರ್ಗ್‌ನ ಕಲ್ಲಿನಲ್ಲಿ ಉದ್ದ ಹಿಡಿಯ ಸುತ್ತಿಗೆ ಹಿಡಿದ ಸುಕೆಲ್ಲುಸ್ ಮತ್ತು ನಾಂಟೊಸ್ವೆಲ್ಟಾ ಅಕ್ಕಪಕ್ಕ ನಿಂತಿದ್ದಾರೆ. ದಂಪತಿ ಎನ್ನುವುದು ನಮ್ಮ ಓದು, ಕಲ್ಲು ಹಾಗೆ ಹೇಳಿಲ್ಲ. ಕುದುರೆಯ ದೇವತೆ ಎಪೋನಾ ರೋಮನ್ ಅಶ್ವಸೈನ್ಯಕ್ಕೆ ಎಷ್ಟು ಹಿಡಿಸಿದಳೆಂದರೆ ಗಾಲ್ ದಾಟಿ ದೂರದ ಗಡಿಗಳಿಗೂ ಹೋದಳು. ಅವಳದ್ದೂ ಕೆಲ್ಟರು ಹೇಳಿದ ಒಂದು ಕಥೆ ಉಳಿದಿಲ್ಲ.

ರೋಮನ್ ಲೇಖಕರ ವಿಷಯ ಬೇಗ ಮುಗಿಸಬಹುದು. ಗಾಲರು ಎಲ್ಲರಿಗಿಂತ ಹೆಚ್ಚು ಮರ್ಕ್ಯುರಿಯನ್ನು ಪೂಜಿಸುತ್ತಾರೆ, ಆಮೇಲೆ ಅಪೊಲೊ, ಮಾರ್ಸ್, ಜುಪಿಟರ್, ಮಿನರ್ವಾ ಎನ್ನುತ್ತಾನೆ ಸೀಸರ್. ಸ್ಥಳೀಯ ಹೆಸರು ಒಂದನ್ನೂ ಕೊಡುವುದಿಲ್ಲ. ಆ ಮರ್ಕ್ಯುರಿ ಲೂಗುಸ್ ಎಂಬ ಕೆಲ್ಟಿಕ್ ದೇವರು ಇರಬೇಕು ಎಂದು ಅನೇಕ ವಿದ್ವಾಂಸರು ತರ್ಕಿಸುತ್ತಾರೆ, ಒಳ್ಳೆಯ ತರ್ಕವೇ, ಆದರೆ ತರ್ಕ. ಒಂದು ಶತಮಾನದ ನಂತರ ಕವಿ ಲೂಕನ್ ಟ್ಯೂಟಾಟೆಸ್, ಏಸುಸ್, ತಾರಾನಿಸ್ ಎಂಬ ಮೂವರನ್ನು ಹೆಸರಿಸಿದ. ಇವರಿಗೆ ಮುಳುಗಿಸಿ, ಮರಕ್ಕೆ ನೇತುಹಾಕಿ, ಸುಟ್ಟು ನರಬಲಿ ಕೊಡುತ್ತಿದ್ದರು ಎಂಬ ವಿವರ ಅವನದಲ್ಲ, ಶತಮಾನಗಳ ನಂತರ ಅವನ ಕಾವ್ಯಕ್ಕೆ ಟಿಪ್ಪಣಿ ಬರೆದವರದು. ಅದೇ ಟಿಪ್ಪಣಿ ಟ್ಯೂಟಾಟೆಸ್‌ನನ್ನು ಒಂದು ಕಡೆ ಮರ್ಕ್ಯುರಿ ಎನ್ನುತ್ತದೆ, ಇನ್ನೊಂದು ಕಡೆ ಮಾರ್ಸ್ ಎನ್ನುತ್ತದೆ. ಇದನ್ನು 'ಕೆಲ್ಟಿಕ್ ತ್ರಿಮೂರ್ತಿ' ಎಂದು ಬರೆದಿದ್ದರೆ ಅಳಿಸಿಬಿಡಿ.

ಕಥೆಗಳಿರುವುದು ಮೂರನೆಯ ಕಣಜದಲ್ಲಿ, ಐರ್ಲೆಂಡ್ ಮತ್ತು ವೇಲ್ಸ್‌ನ ಹಸ್ತಪ್ರತಿಗಳಲ್ಲಿ. ನಿಮಗೆ ಬೇಕಾದದ್ದು ಇಲ್ಲಿದೆ, ಆದರೆ ಇದಕ್ಕೂ ಒಂದು ಸೋಸುಬಟ್ಟೆ ಬೇಕು. ಐರಿಷ್ ಕಥೆಗಳನ್ನು ಬರೆದಿಟ್ಟವರು ಕ್ರೈಸ್ತ ಮಠಗಳ ಲಿಪಿಕಾರರು. ನಮಗೆ ಸಿಕ್ಕಿರುವ ದೊಡ್ಡ ಹಸ್ತಪ್ರತಿಗಳಲ್ಲಿ ಹಳೆಯವು ಕ್ರಿಸ್ತಶಕ 1100ರಿಂದ ಈಚಿನವು, ಅಂದರೆ ದ್ವೀಪ ಕ್ರೈಸ್ತವಾಗಿ ಆರು ಶತಮಾನಗಳ ಮೇಲಿನವು. ಹಳೆಯ ದೇವರುಗಳನ್ನು ದೇವರು ಎನ್ನಲಾರರು, ಕೈಬಿಡಲೂ ಮನಸ್ಸಿಲ್ಲ. ಹಾಗಾಗಿ ಬೈಬಲಿನ ನೋಹನ ಸಂತತಿಯಿಂದ ಬಂದು ಐರ್ಲೆಂಡನ್ನು ಗೆದ್ದ ಮಾಯಾವಿ ಜನಾಂಗ ಎಂದು ಬರೆದರು. ಐರ್ಲೆಂಡಿನ ಮಹಾ ತುರುಗೋಳಿನ ಕಥೆಯನ್ನು 12ನೇ ಶತಮಾನದಲ್ಲಿ ಲೆನ್‌ಸ್ಟರ್ ಹಸ್ತಪ್ರತಿಯಲ್ಲಿ ನಕಲು ಮಾಡಿ ಮುಗಿಸಿದಲ್ಲಿ ಎರಡು ಟಿಪ್ಪಣಿಗಳಿವೆ. ಐರಿಷ್ ಭಾಷೆಯಲ್ಲಿ, ಇದನ್ನು ಬದಲಿಸದೆ ನೆನಪಿಟ್ಟುಕೊಳ್ಳುವವರಿಗೆ ಆಶೀರ್ವಾದ. ಲ್ಯಾಟಿನ್‌ನಲ್ಲಿ, ಇದರಲ್ಲಿ ಕೆಲವು ದೆವ್ವದ ಮೋಸ, ಕೆಲವು ಕವಿಗಳ ಕಟ್ಟುಕಥೆ, ಕೆಲವು ಮೂಢರ ಮನರಂಜನೆಗೆ, ನಾನಂತೂ ನಂಬುವುದಿಲ್ಲ. ಐರಿಷ್ ಪುರಾಣ ಓದುವವರ ಕಿವಿಯಲ್ಲಿ ಈ ಎರಡು ದನಿ ಸದಾ ಇರಬೇಕು.

ಆ ಮಾಯಾವಿ ಜನಾಂಗವೇ ತೂಅಹ ಡೇ ಡಾನನ್, ಚಿಕ್ಕದಾಗಿ ತೂಅಹ ಡೇ. ಇವರಿಗೂ ಫೊಮೋರಿಯರೆಂಬ ಕಡಲ ಕಡೆಯ ಬಲಿಷ್ಠರಿಗೂ ಮಾಯ್ ತುರೆದ್ ಎಂಬ ಬಯಲಿನಲ್ಲಿ ನಡೆದ ಯುದ್ಧದ ಕಥೆ ಕೆಲ್ಟಿಕ್ ದೇವತೆಗಳ ಬಗ್ಗೆ ಇರುವ ಅತ್ಯಂತ ಸಮೃದ್ಧ ಪಠ್ಯ. ಉಳಿದಿರುವುದು 16ನೇ ಶತಮಾನದ ಒಂದೇ ಪ್ರತಿ, ಭಾಷೆ ಅದಕ್ಕಿಂತ ಬಹಳ ಹಳೆಯದು. ರಾಜ ನುವಾದ ಯುದ್ಧದಲ್ಲಿ ಕೈ ಕಳೆದುಕೊಂಡ. ಅಂಗಹೀನ ರಾಜನಾಗಿ ಉಳಿಯುವಂತಿಲ್ಲವಾದ್ದರಿಂದ ಸಿಂಹಾಸನ ಬ್ರೆಸ್ ಎಂಬವನಿಗೆ ಹೋಯಿತು. ವೈದ್ಯ ಡೀಅನ್ ಕೇಖ್ತ್ ನುವಾದನಿಗೆ ಬೆಳ್ಳಿಯ ಕೈ ಮಾಡಿಕೊಟ್ಟ. ಅವನ ಮಗ ಮೀಅಖ್ ಅದನ್ನೂ ಮೀರಿ ನಿಜವಾದ ಕೈಯನ್ನೇ ಮತ್ತೆ ಕೂಡಿಸಿದ, ಹೊಟ್ಟೆಕಿಚ್ಚಿನಿಂದ ತಂದೆಯೇ ಮಗನನ್ನು ಕೊಂದ. ಮಗನ ಗೋರಿಯ ಮೇಲೆ 365 ಮೂಲಿಕೆಗಳು ಹುಟ್ಟಿದವು. ತಂಗಿ ಅವನ್ನು ಗುಣದ ಪ್ರಕಾರ ಬಟ್ಟೆಯ ಮೇಲೆ ವಿಂಗಡಿಸಿಟ್ಟರೆ, ತಂದೆ ಎಲ್ಲವನ್ನೂ ಕಲಸಿಬಿಟ್ಟ.

ಇದೇ ಕಥೆಯ ವೀರ ಲೂ ಅರಮನೆಯ ಬಾಗಿಲಿಗೆ ಬರುವ ದೃಶ್ಯವನ್ನು ನಾಟಕವಾಗಿ ಆಡಿಸಿ. ತೂಅಹ ಡೇ ರಾಜನ ತಾರಾ ಅರಮನೆಯ ಬಾಗಿಲವನು, ವಿದ್ಯೆ ಇಲ್ಲದವರಿಗೆ ಒಳಗೆ ಜಾಗವಿಲ್ಲ ಎನ್ನುತ್ತಾನೆ. ಬಡಗಿ ನಾನು ಎನ್ನುತ್ತಾನೆ ಲೂ, ಇದ್ದಾನೆ ಒಬ್ಬ ಎನ್ನುತ್ತಾನೆ ಬಾಗಿಲವನು. ಕಮ್ಮಾರ, ಇದ್ದಾನೆ. ವೀಣೆಯಂಥ ಹಾರ್ಪ್ ನುಡಿಸುತ್ತೇನೆ, ಇದ್ದಾನೆ. ಕವಿ, ವೈದ್ಯ, ಮಾಂತ್ರಿಕ, ಎಲ್ಲರೂ ಇದ್ದಾರೆ. ಕೊನೆಗೆ ಲೂ, ಇವಿಷ್ಟನ್ನೂ ಬಲ್ಲ ಒಬ್ಬನೇ ಇದ್ದಾನೆಯೇ ಕೇಳಿ ಬಾ ಎನ್ನುತ್ತಾನೆ. ಬಾಗಿಲು ತೆರೆಯುತ್ತದೆ. 'ಸಮಿಲ್ದಾನಖ್' ಎಂಬ ಬಿರುದಿನ ಅರ್ಥವೇ ಸಕಲಕಲಾವಲ್ಲಭ.

ತೂಅಹ ಡೇಯವರಲ್ಲಿ ದಗ್ಡ ಇನ್ನೊಬ್ಬ. ಇವನ ಹೆಸರಿಗೆ 'ಒಳ್ಳೆಯ ದೇವರು' ಎಂದು ಅರ್ಥ, ಆದರೆ ಒಳ್ಳೆಯದು ಎಂದರೆ ಸದ್ಗುಣವಲ್ಲ, ಎಲ್ಲದರಲ್ಲೂ ಕೈ ಪಳಗಿದವನು ಎಂದು. ಯಾರೂ ಅರೆಹೊಟ್ಟೆಯಲ್ಲಿ ಏಳದ ಕೊಪ್ಪರಿಗೆ ಇವನದು. ಚಕ್ರದ ಮೇಲೆ ಎಳೆಯಬೇಕಾದ ದೊಣ್ಣೆ, ಎಳೆದ ಗುರುತು ಪ್ರಾಂತದ ಗಡಿಯ ಕಂದಕದಷ್ಟು ಆಳ. ಶತ್ರುಗಳು ಇವನನ್ನು ಗೇಲಿ ಮಾಡಲು ನೆಲದ ಗುಂಡಿಯಲ್ಲಿ ಹಾಲು, ಹಿಟ್ಟು, ಕೊಬ್ಬು, ಇಡೀ ಆಡು-ಕುರಿ-ಹಂದಿ ಸುರಿದು ಅಂಬಲಿ ಕಾಸಿ, ಉಳಿಸಿದರೆ ಕೊಲ್ಲುತ್ತೇವೆ ಎನ್ನುತ್ತಾರೆ. ಅವನು ತಿಂದು ಮುಗಿಸಿ ಗುಂಡಿಯ ತಳವನ್ನು ಬೆರಳಿನಿಂದ ಕೆರೆದು ನೆಕ್ಕುತ್ತಾನೆ. ಗ್ರೀಕರ ದೇವರಾಜನ ಹೆಸರಿನಲ್ಲಿ 'ಕೆಲ್ಟಿಕ್ ಜ್ಯೂಸ್' ಎಂದು ಇವನಿಗೆ ಸಿಂಹಾಸನ ಕೊಡುವ ಪುಸ್ತಕಗಳು ಈ ಅಂಬಲಿಯನ್ನು ಬಿಟ್ಟುಬಿಡುತ್ತವೆ. ನಷ್ಟ ಓದುಗರಿಗೆ.

ಈಗ ನಿಮ್ಮ ಮರಕ್ಕೆ ಬರೋಣ. ಲೂನ ತಂದೆ ತೂಅಹ ಡೇ ಕಡೆಯವನು, ತಾಯಿ ಫೊಮೋರಿಯ ನಾಯಕ ಬಾಲೋರ್‌ನ ಮಗಳು. ಲೂ ಕೊಲ್ಲುವುದು ತನ್ನ ತಾಯಿಯ ತಂದೆಯನ್ನೇ. ಬ್ರೆಸ್‌ಗೆ ತಂದೆ ಫೊಮೋರಿಯ, ತಾಯಿ ತೂಅಹ ಡೇ. ಆದ್ದರಿಂದ ಇದನ್ನು ದೇವಾಸುರ ಯುದ್ಧ ಎಂದು ಒಂದೇ ಏಟಿಗೆ ಹೇಳಿಬಿಟ್ಟರೆ, ಇವರು ಒಳ್ಳೆಯವರು ಅವರು ಕೆಟ್ಟವರು ಎಂಬ ಗೆರೆ ಬಿದ್ದು ಕಥೆ ಹಾಳಾಗುತ್ತದೆ. ದೇವ-ದಾನವರೂ ಕಶ್ಯಪನ ಮಕ್ಕಳೇ, ದಾಯಾದಿಗಳೇ ಎಂಬುದನ್ನು ನೆನಪಿಸಿ ಹೇಳುವುದಾದರೆ ಅಡ್ಡಿಯಿಲ್ಲ.

ಡಾನು ವಿಚಾರವನ್ನು ನಿಧಾನವಾಗಿ ನೋಡಬೇಕು, ಯಾಕೆಂದರೆ ಅಂತರ್ಜಾಲದ ಪಟ್ಟಿಗಳು ಇಲ್ಲೂ ಬಹಳ ಎಡವುತ್ತವೆ. 'ಡಾನು' ಎಂಬ ರೂಪ ಮಧ್ಯಯುಗದ ಯಾವ ಐರಿಷ್ ಪಠ್ಯದಲ್ಲೂ ಇಲ್ಲ. ಇರುವುದು 'ಡಾನನ್', 'ಡೋನನ್'. ಷಷ್ಠಿ ವಿಭಕ್ತಿಯಂತೆ ಕಾಣುವ ಈ ರೂಪದಿಂದ ವಿದ್ವಾಂಸರು ಹಿಮ್ಮುಖವಾಗಿ ಊಹಿಸಿ ಕಟ್ಟಿದ ಪ್ರಥಮಾ ರೂಪ 'ಡಾನು'. ಹಳೆಯ ಪಠ್ಯಗಳಲ್ಲಿ ಈ ಜನರಿಗೆ ಬರಿಯ 'ತೂಅಹ ಡೇ', ದೇವ-ಕುಲಗಳು, ಎಂದು ಹೆಸರು. ಬೈಬಲಿನ ಇಸ್ರೇಲರಿಗೂ 'ದೇವರ ಜನ' ಎಂಬ ಅರ್ಥದಲ್ಲಿ ಅದೇ ಮಾತು ಬಳಕೆಯಲ್ಲಿತ್ತು, ಗೊಂದಲವಾಗುತ್ತಿತ್ತು. 'ಡಾನನ್' ಎಂಬ ಬಾಲಂಗೋಚಿ ಸೇರಿದ್ದು ಆಮೇಲೆ. ಅದರಲ್ಲಿ 'ದಾನ್', ಅಂದರೆ ಕುಶಲವಿದ್ಯೆ, ಎಂಬ ಪದದ ನೆರಳೂ ಇದೆ. ಐರ್ಲೆಂಡಿನ ಮೇಲಿನ ದಂಡಯಾತ್ರೆಗಳನ್ನು ಹೇಳುವ ಮಧ್ಯಯುಗದ ಗ್ರಂಥದ ವಂಶಾವಳಿಯಲ್ಲಿ ಡಾನನ್ ಮೂವರು ಮಕ್ಕಳ ತಾಯಿಯಾಗಿ ಬಂದು ಹೋಗುತ್ತಾಳೆ, ಎಲ್ಲ ದೇವರ ತಾಯಿಯಾಗಿ ಅಲ್ಲ. 'ಐರ್ಲೆಂಡಿನ ದೇವರುಗಳ ತಾಯಿ' ಎಂಬ ಮಾತು ಇರುವುದು ಸುಮಾರು ಕ್ರಿಸ್ತಶಕ 900ರ ಕಾರ್ಮಕ್ ನಿಘಂಟು ಎಂಬ ಐರಿಷ್ ಪದಕೋಶದಲ್ಲಿ, ಅಲ್ಲಿನ ಹೆಸರು ಆನು. ಕೆರ್ರಿ ಸೀಮೆಯ ಜೋಡಿ ಗುಡ್ಡಗಳನ್ನು 'ಆನುವಿನ ಎದೆ' ಎಂದು ಇಂದಿಗೂ ಕರೆಯುತ್ತಾರೆ. ಆನು ಮತ್ತು ಡಾನು ಒಬ್ಬಳೇ ಇರಬಹುದು, ಇಲ್ಲದೆಯೂ ಇರಬಹುದು.

ಇನ್ನು ನಮ್ಮ ಕಡೆಯ ದನು. ಋಗ್ವೇದದ ಮೊದಲ ಮಂಡಲದ 32ನೇ ಸೂಕ್ತದಲ್ಲಿ ವೃತ್ರನ ತಾಯಿ ದಾನು, ಕರುವಿನೊಡನೆ ಹಸು ಮಲಗಿದಂತೆ ಸತ್ತ ಮಗನ ಮೇಲೆ ಬಿದ್ದಿದ್ದಾಳೆ. ಪುರಾಣಗಳಲ್ಲಿ ದನು ದಾನವರ ತಾಯಿ. ಡ್ಯಾನ್ಯೂಬ್, ಡಾನ್ ನದಿಗಳ ಹೆಸರಿನಲ್ಲಿ ಇರುವ 'ಹರಿವ ನೀರು' ಎಂಬ ಹಳೆಯ ಇಂಡೋ-ಯುರೋಪಿಯನ್ ಪದವೇ ಇದರಲ್ಲೂ ಇದೆ ಎಂಬುದು ಒಪ್ಪಬಹುದಾದ ಮಾತು. ಆದರೆ ಊಹಿಸಿಕೊಂಡ ಒಂದು ಐರಿಷ್ ರೂಪವನ್ನು ಅದಕ್ಕೆ ಗಂಟುಹಾಕಿ "ಒಬ್ಬಳೇ ದೇವಿ" ಎನ್ನಲು ಆಧಾರ ಸಾಲದು. ಅಲ್ಲಿ ಅವಳು ದೇವರ ಕಡೆಯವಳು, ಇಲ್ಲಿ ದೇವರ ವೈರಿಯ ತಾಯಿ ಎಂಬುದನ್ನೂ ಸಂದೇಶ ಕಳಿಸಿದವರು ಯೋಚಿಸಿದಂತಿಲ್ಲ.

ಕೆರ್ನುನ್ನೋಸ್ ಮತ್ತು ಪಶುಪತಿ. ಈ ಹೆಸರು ಈ ರೂಪದಲ್ಲಿ ಸಿಗುವುದು ಒಂದೇ ಕಲ್ಲಿನ ಮೇಲೆ. ಪ್ಯಾರಿಸ್‌ನ ದೋಣಿಕಾರರ ಸಂಘ ಚಕ್ರವರ್ತಿ ಟೈಬೀರಿಯಸ್‌ನ ಕಾಲದಲ್ಲಿ (ಕ್ರಿಸ್ತಶಕ 14-37) ಅರ್ಪಿಸಿದ ಕಂಬ, ನೋತ್ರ್ ದಾಮ್ ಚರ್ಚಿನ ಅಡಿಯಲ್ಲಿ 18ನೇ ಶತಮಾನದ ಆರಂಭದಲ್ಲಿ ಸಿಕ್ಕಿತು. ಕವಲುಕೊಂಬಿನ ಮುದುಕ, ಎರಡೂ ಕೊಂಬಿಗೆ ತಿರುಚಿದ ಕೊರಳಬಳೆಗಳು ನೇತುಬಿದ್ದಿವೆ. ಕೆಳಗರ್ಧ ಕಲ್ಲು ಇಲ್ಲ. ಕೂತಿದ್ದನೋ ನಿಂತಿದ್ದನೋ ಎಂಬುದೂ ಅಳತೆಯಿಂದ ಮಾಡಿದ ಲೆಕ್ಕಾಚಾರ. ತಂದೆ, ಹೆಂಡತಿ, ಕಥೆ ಯಾವುದೂ ಎಲ್ಲೂ ಇಲ್ಲ. ನಿಮಗೆ ಸಿಕ್ಕ ಮೂರು ಉತ್ತರವೂ ಕಟ್ಟಿದವು.

ಪಶುಪತಿಯೊಡನೆ ಹೋಲಿಸುವ ಚಿತ್ರ ಇದಲ್ಲ, ಗುಂಡೆಸ್ಟ್ರುಪ್ ಕೊಪ್ಪರಿಗೆಯದು. 1891ರಲ್ಲಿ ಡೆನ್ಮಾರ್ಕ್‌ನ ಜೌಗುನೆಲದಲ್ಲಿ ಬಿಡಿಬಿಡಿ ತಗಡುಗಳಾಗಿ ಸಿಕ್ಕ, ಸುಮಾರು 9 ಕಿಲೋ ತೂಕದ ಬೆಳ್ಳಿಯ ಪಾತ್ರೆ. ಒಳಗಿನ ಒಂದು ತಗಡಿನಲ್ಲಿ ಕವಲುಕೊಂಬಿನವನು ಕಾಲು ಮಡಚಿ ಕೂತು, ಒಂದು ಕೈಯಲ್ಲಿ ಕೊರಳಬಳೆ, ಇನ್ನೊಂದರಲ್ಲಿ ಟಗರುಕೊಂಬಿನ ಹಾವು ಹಿಡಿದಿದ್ದಾನೆ, ಸುತ್ತ ಪ್ರಾಣಿಗಳು. ಅಲ್ಲಿ ಹೆಸರು ಕೆತ್ತಿಲ್ಲ. ಬೆಳ್ಳಿಕೆಲಸದ ಶೈಲಿ ಈಗಿನ ಬಲ್ಗೇರಿಯಾ ಕಡೆಯ ಥ್ರೇಸ್‌ನದು, ಕಾಲ ಕ್ರಿಸ್ತಪೂರ್ವ ಎರಡು-ಒಂದನೇ ಶತಮಾನ ಎಂಬುದು ಹೆಚ್ಚಿನವರ ಅಭಿಪ್ರಾಯ. ಇನ್ನೊಂದು ತಗಡಿನಲ್ಲಿ ಹೆಂಗಸಿನ ಎರಡೂ ಬದಿಗೆ ಆನೆಗಳಿವೆ. ಗಜಲಕ್ಷ್ಮಿ ಎಂದು ಕೂಗುವ ಮೊದಲು, ಅಲೆಕ್ಸಾಂಡರನ ನಂತರ ಆನೆಯ ಚಿತ್ರ ಗ್ರೀಕ್ ನಾಣ್ಯಗಳಲ್ಲಿ ಮನೆಮಾತಾಗಿತ್ತು ಎಂಬುದನ್ನು ನೆನೆಯಿರಿ. ಪಶುಪತಿ ಎನ್ನುವ ಮೊಹೆಂಜೊದಾರೊ ಮುದ್ರೆ ಈ ಕೊಪ್ಪರಿಗೆಗಿಂತ ಸುಮಾರು ಎರಡು ಸಾವಿರ ವರ್ಷ ಹಳೆಯದು, ಅಗಲ ಮೂರೂವರೆ ಸೆಂಟಿಮೀಟರ್, ಕೊಂಬು ಕೋಣದ್ದು, ಸುತ್ತ ಆನೆ, ಹುಲಿ, ಘೇಂಡಾಮೃಗ, ಕೋಣ. ಅದಕ್ಕೆ 'ಪಶುಪತಿ' ಎಂದು ಗುರುತು ಹಚ್ಚಿದ್ದು 1930ರ ದಶಕದ ಆರಂಭದಲ್ಲಿ ಪುರಾತತ್ವಜ್ಞ ಜಾನ್ ಮಾರ್ಷಲ್, ಅದೂ ಇಂದಿಗೂ ವಾದದಲ್ಲಿದೆ. ಹೆಸರಿಲ್ಲದ ಒಂದು ಚಿತ್ರಕ್ಕೆ ಓದಲಾಗದ ಲಿಪಿಯ ಇನ್ನೊಂದು ಚಿತ್ರವನ್ನು ಜೋಡಿಸಿ ಗಂಟು ಗಟ್ಟಿಯಾಯಿತು ಎನ್ನಲಾಗದು. ಎರಡನ್ನೂ ಪಕ್ಕಪಕ್ಕ ತೋರಿಸಿ, ವ್ಯತ್ಯಾಸ ಹುಡುಕಿ ಎಂದು ಮಕ್ಕಳಿಗೇ ಬಿಡಿ. ಕೋಣ-ಜಿಂಕೆಯ ಕೊಂಬಿನ ವ್ಯತ್ಯಾಸವನ್ನು ಅವರು ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ.

ಹಾಗಾದರೆ ನಂಟೇ ಇಲ್ಲವೇ? ಇದೆ, ಅದು ಪದಗಳಲ್ಲಿದೆ. ಗಾಲ್ ಭಾಷೆಯ 'ದೇವೊ', ಸಂಸ್ಕೃತದ 'ದೇವ'. ಗಾಲ್ ರಾಜರ ಹೆಸರಿನ ಕೊನೆಯ 'ರಿಕ್ಸ್', ನಮ್ಮ 'ರಾಜ'. ಎಪೋನಾಳ 'ಎಪೊ', 'ಅಶ್ವ'. ಡ್ರುಯಿಡ್ ಪದದ ಕೊನೆಯರ್ಧ 'ವಿದ್', ವೇದದಲ್ಲಿರುವ ಅದೇ ಧಾತು. ಐರ್ಲೆಂಡಿನ ಬಾಯ್ನ್ ನದಿಯ ದೇವತೆ ಬೋಅನ್ ಹೆಸರು ಹಳೆಯ 'ಬೋ-ವಿಂದಾ'ದಿಂದ ಬಂದದ್ದು. ಗೋವಿಂದ ಎಂದು ಬಾಯಿಗೆ ಬಂದುಬಿಡುತ್ತದೆ, ತಾಳಿ: 'ಬೋ' ಮತ್ತು 'ಗೋ' ನಿಜಕ್ಕೂ ದಾಯಾದಿಗಳು, ಆದರೆ ಅಲ್ಲಿ ಒಟ್ಟು ಅರ್ಥ 'ಬಿಳಿ ಹಸು', ಇಲ್ಲಿ 'ಹಸುಗಳನ್ನು ಕಂಡುಕೊಂಡವನು'. ಒಂದು ಮೂಲಭಾಷೆಯಿಂದ ಎರಡು ಕಡೆಗೆ ಕವಲೊಡೆದ ಪದಗಳಿವು, ಒಬ್ಬರಿಂದ ಒಬ್ಬರು ಎರವಲು ಪಡೆದವಲ್ಲ. ಬ್ರಾಹ್ಮಣರು ಐರ್ಲೆಂಡಿಗೆ ಹೋಗಲಿಲ್ಲ, ಡ್ರುಯಿಡರು ಕಾಶಿಗೆ ಬರಲಿಲ್ಲ. 1897ರಲ್ಲಿ ಫ್ರಾನ್ಸ್‌ನ ಕೊಲಿನ್ಯಿಯಲ್ಲಿ ಚೂರುಗಳಾಗಿ ಸಿಕ್ಕ ಕಂಚಿನ ಪಂಚಾಂಗದಲ್ಲಿ ತಿಂಗಳು ಎರಡು ಭಾಗ, ಐದು ವರ್ಷಕ್ಕೆ ಎರಡು ಅಧಿಕ ಮಾಸ, ಒಟ್ಟು 62 ತಿಂಗಳು. ನಮ್ಮ ಪಂಚಾಂಗ ಬಲ್ಲವರಿಗೆ ರೋಮಾಂಚನವಾಗುತ್ತದೆ. ಚಂದ್ರನ ತಿಂಗಳನ್ನು ಸೂರ್ಯನ ವರ್ಷಕ್ಕೆ ಹೊಂದಿಸಲು ಕೂತ ಯಾರಿಗೇ ಆದರೂ ಲೆಕ್ಕ ಅಲ್ಲಿಗೇ ತಂದು ನಿಲ್ಲಿಸುತ್ತದೆ, ಬ್ಯಾಬಿಲೋನಿಯರೂ ಅಧಿಕ ಮಾಸ ಸೇರಿಸುತ್ತಿದ್ದರು.

ಆ ಪಂಚಾಂಗದ ತಿಂಗಳುಗಳಿಗೆ ಮರಗಳ ಹೆಸರಿಲ್ಲ ಎಂಬುದನ್ನೂ ಗಮನಿಸಿ. 'ಕೆಲ್ಟಿಕ್ ವೃಕ್ಷಪಂಚಾಂಗ' ಮತ್ತು 'ಕನ್ಯೆ-ತಾಯಿ-ಮುದುಕಿ' ಎಂಬ ತ್ರಿರೂಪ ದೇವಿ, ಎರಡೂ ಈ ರೂಪದಲ್ಲಿ ಜನಪ್ರಿಯವಾದದ್ದು ಇಂಗ್ಲಿಷ್ ಕವಿ ರಾಬರ್ಟ್ ಗ್ರೇವ್ಸ್ 1948ರಲ್ಲಿ ಪ್ರಕಟಿಸಿದ ಪುಸ್ತಕದಿಂದ. ಕೆಲ್ಟರಲ್ಲಿ ಮೂವರು ದೇವಿಯರು ಧಾರಾಳ. ರೈನ್ ದಂಡೆಯಲ್ಲಿ ಮಡಿಲಲ್ಲಿ ಹಣ್ಣಿನ ಬುಟ್ಟಿ ಹಿಡಿದ ಮೂವರು ತಾಯಂದಿರ ಶಿಲ್ಪಗಳು ಬೇಕಾದಷ್ಟಿವೆ, ಬ್ರಿಗಿಡ್ ಹೆಸರಿನ ಮೂವರು ಅಕ್ಕತಂಗಿಯರು ಕಾವ್ಯಕ್ಕೆ, ವೈದ್ಯಕ್ಕೆ, ಕಮ್ಮಾರಿಕೆಗೆ ಒಡತಿಯರು ಎಂದು ಕಾರ್ಮಕ್ ನಿಘಂಟು ಹೇಳುತ್ತದೆ. ಆದರೆ ಆ ಮೂರು ವಯಸ್ಸಿನ ಲೆಕ್ಕವಲ್ಲ. ಹಾಗೆಯೇ ವೇಲ್ಸ್‌ನ 'ಪ್ರಾಚೀನ ಡ್ರುಯಿಡ್ ವಿಧಿ'ಗಳೆಂದು ಓಡಾಡುವ ಅನೇಕವು 1792ರಲ್ಲಿ ಲಂಡನ್ನಿನ ಗುಡ್ಡವೊಂದರ ಮೇಲೆ ಹೊಸ ಆಚರಣೆ ಶುರುಮಾಡಿದ ಯೊಲೊ ಮೊರ್ಗಾನೂಗ್ ಎಂಬ ಪ್ರತಿಭಾವಂತ ನಕಲಿಗನ ಕೈಚಳಕ. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಎಂಬ ಬೃಹತ್ ಕಲ್ಲುಗಳ ವೃತ್ತವನ್ನು ಡ್ರುಯಿಡರು ಕಟ್ಟಲಿಲ್ಲ. ದಗ್ಡನ ಮನೆ ಎಂದು ಕಥೆಗಳು ಹೇಳುವ ಐರ್ಲೆಂಡಿನ ನ್ಯೂಗ್ರೇಂಜ್ ದಿಬ್ಬ ಕ್ರಿಸ್ತಪೂರ್ವ 3200ರ ಸುಮಾರಿನದು, ಕೆಲ್ಟಿಕ್ ಭಾಷೆ ಅಲ್ಲಿಗೆ ಬರುವ ಎಷ್ಟೋ ಮೊದಲಿನದು.

ನಿಮ್ಮ ಆರು ಶನಿವಾರಕ್ಕೆ ಮೂರು ದಾರಿ ಕಾಣುತ್ತದೆ. ಒಂದು, ಐರ್ಲೆಂಡ್ ಮಾತ್ರ. ಕಥೆ ಹೇರಳ, ಅರೆಬರೆ ವಂಶವೃಕ್ಷವನ್ನೂ ಬರೆಯಬಹುದು, ಅಪಾಯವೆಂದರೆ ಕೆಲ್ಟಿಕ್ ಅಂದರೆ ಐರಿಷ್ ಎಂದೇ ಮಕ್ಕಳ ತಲೆಯಲ್ಲಿ ಕೂರುತ್ತದೆ. ಎರಡು, ಎಲ್ಲವನ್ನೂ ಬೆರೆಸಿ ನೀವೇ ಒಂದು ಚೆಂದದ ಕಥನ ಕಟ್ಟುವುದು. ಕೇಳಲು ಸೊಗಸು, ಆದರೆ ಇಂಥ ಬೆರಕೆಗಳೇ ನಿಮ್ಮನ್ನು ಈ ಪತ್ರ ಬರೆಯಲು ಹಚ್ಚಿದ್ದು. ಮೂರನೆಯದು, ಮರದ ಬದಲು ಭೂಪಟ. ನನ್ನ ಆಯ್ಕೆ ಇದು. ಪಶ್ಚಿಮ ಯುರೋಪಿನ ದೊಡ್ಡ ನಕ್ಷೆ ಬಿಡಿಸಿ, ಶಾಸನದ ದೇವತೆಗೆ ಕೆಂಪು ಗುಂಡುಪಿನ್ನು, ಹಸ್ತಪ್ರತಿಯ ದೇವತೆಗೆ ನೀಲಿ. ಎರಡೂ ಕಡೆ ಇರುವವರ ನಡುವೆ ದಾರ ಕಟ್ಟಿ. ದಾರಗಳು ಕೆಲವೇ: ಲಿಡ್ನಿಯ ನೋಡೆನ್ಸ್‌ನಿಂದ ಐರ್ಲೆಂಡಿನ ನುವಾದನಿಗೆ, ವೇಲ್ಸ್‌ನ ನೀದ್‌ಗೆ. ಲೂಗುಸ್‌ನಿಂದ ಲೂಗೆ, ವೇಲ್ಸ್‌ನ ಹ್ಲೈಗೆ. ಈ ದಾರಕ್ಕೆ ಒಂದು ಚೆಂದದ ಗಂಟು ಇದೆ: ಸ್ಪೇನ್‌ನ ಓಸ್ಮಾದಲ್ಲಿ ಲೂಗುಸ್ ಹೆಸರಿನ ದೇವರುಗಳಿಗೆ ಅರ್ಪಿಸಿದ ಕಲ್ಲಿನಲ್ಲಿ ಚಪ್ಪಲಿ ಹೊಲಿಯುವವರ ಸಂಘದ ಹೆಸರಿದೆ. ವೇಲ್ಸ್‌ನ ಕಥೆಯಲ್ಲಿ ಹೆಸರಿಲ್ಲದ ಹುಡುಗ ಚಪ್ಪಲಿ ಹೊಲಿಯುವವನ ವೇಷದಲ್ಲಿದ್ದಾಗಲೇ ತಾಯಿಯ ಬಾಯಿಂದ ಹ್ಲೈ ಎಂಬ ಹೆಸರು ಗಿಟ್ಟಿಸುತ್ತಾನೆ.

ವಾರಗಳನ್ನು ಹಂಚುವಾಗ ಮೊದಲನೆಯದು ಬಾತ್ ಮತ್ತು ಲಿಡ್ನಿಯ ತಗಡುಗಳಿಗೆ, ಎರಡನೆಯದು ಪ್ಯಾರಿಸ್ ಕಂಬ ಮತ್ತು ಕೊಪ್ಪರಿಗೆಗೆ, ಮೂರು-ನಾಲ್ಕು ಮಾಯ್ ತುರೆದ್ ಯುದ್ಧಕ್ಕೆ ಇರಲಿ. ಐದನೆಯದು ಐರಿಷ್ ಯುದ್ಧದೇವಿ ಮೊರ್ರೀಗನ್‌ಗೆ: ತುರುಗೋಳಿನ ಕಾಳಗದಲ್ಲಿ ವೀರ ಕೂ ಖುಲಿನ್‌ನನ್ನು ಅವಳು ಹಾವುಮೀನಾಗಿ, ತೋಳವಾಗಿ, ಕೊಂಬಿಲ್ಲದ ಕೆಂಪು ಕಡಸಾಗಿ ಅಡ್ಡಗಟ್ಟಿ ಮೂರು ಗಾಯ ಮಾಡಿಸಿಕೊಳ್ಳುತ್ತಾಳೆ. ಆಮೇಲೆ ಮುದುಕಿಯ ವೇಷದಲ್ಲಿ ಮೂರು ಮೊಲೆಯ ಹಸು ಕರೆಯುತ್ತ ಕೂತು, ಬಾಯಾರಿದ ಅವನಿಗೆ ಒಂದೊಂದು ಮೊಲೆಯ ಹಾಲು ಕೊಟ್ಟು, ಅವನು ಹರಸಿದ ಒಂದೊಂದು ಮಾತಿಗೆ ಒಂದೊಂದು ಗಾಯ ಮಾಯಿಸಿಕೊಳ್ಳುತ್ತಾಳೆ. ಆರನೆಯದು ಹ್ಲೈ ಮತ್ತು ಹೂಗಳಿಂದ ಮಾಡಿದ ಹೆಂಡತಿ ಬ್ಲೊಡೈವೆದ್. ಆ ಕಥೆಯ ಮೊದಲ ಭಾಗದಲ್ಲಿ ಅತ್ಯಾಚಾರವಿದೆ, ಹೈಸ್ಕೂಲಿಗೆ ಹುಡುಗನ ನಾಮಕರಣದಿಂದ ಶುರುಮಾಡಿ. ದಗ್ಡ-ಮೊರ್ರೀಗನ್ ನದಿದಂಡೆಯ ಭೇಟಿಯನ್ನೂ ಮೊದಲು ನೀವು ಓದಿ ತೀರ್ಮಾನಿಸಿ.

ಹೆಸರುಗಳನ್ನು ಇಂಗ್ಲಿಷ್ ಅಕ್ಷರ ನೋಡಿ ಕನ್ನಡಕ್ಕೆ ಇಳಿಸಬೇಡಿ. 'ಕೆಲ್ಟಿಕ್' ಎನ್ನಿ, 'ಸೆಲ್ಟಿಕ್' ಎಂಬುದು ಗ್ಲಾಸ್ಗೋದ ಫುಟ್‌ಬಾಲ್ ತಂಡಕ್ಕಿರಲಿ. ಇಂದಿನ ಐರಿಷ್‌ನಲ್ಲಿ ಬಿ ಅಥವಾ ಎಂ ಪಕ್ಕ ಎಚ್ ಬಂದರೆ ಸಾಮಾನ್ಯವಾಗಿ ವ, ಟಿ ಪಕ್ಕ ಎಚ್ ಬಂದರೆ ಹ, ಪದದ ನಡುವೆ ಅಥವಾ ಕೊನೆಯಲ್ಲಿ ಜಿ-ಎಚ್, ಡಿ-ಎಚ್ ಹೆಚ್ಚಾಗಿ ಕರಗಿಹೋಗುತ್ತವೆ. ಹಾಗಾಗಿ 'ಲುಘ್' ಅಲ್ಲ ಲೂ, 'ಸಂಹೈನ್' ಅಲ್ಲ ಸೌಇನ್, 'ಸಿಧೆ' ಅಲ್ಲ ಶೀ. ಹಳೆಯ ಐರಿಷ್ ಉಚ್ಚಾರಣೆ ಬೇರೆಯೇ ಇತ್ತು, ಎರಡನ್ನೂ ಬೆರೆಸದೆ ಒಂದಕ್ಕೆ ಅಂಟಿಕೊಳ್ಳುವುದು ಒಳ್ಳೆಯದು. ದಗ್ಡನಂತೆ ರೂಢಿಗೆ ಬಿದ್ದ ಹೆಸರುಗಳನ್ನು ಹಾಗೇ ಬಿಡಿ. ವೆಲ್ಷ್‌ನಲ್ಲಿ ಒಂದು ಎಫ್ ಅಂದರೆ ವ, ಎರಡು ಡಿ ಅಂದರೆ ಮೆದುವಾದ ದ, ಡಬ್ಲ್ಯೂ ಬಹಳ ಕಡೆ ಸ್ವರ. ಎರಡು ಎಲ್ ನಮ್ಮಲ್ಲಿಲ್ಲದ ಧ್ವನಿ: ನಾಲಿಗೆಯನ್ನು 'ಲ' ಜಾಗದಲ್ಲಿ ಒತ್ತಿ ಹಿಡಿದು ಬದಿಯಿಂದ ಗಾಳಿ ಊದಿ. 'ಹ್ಲ' ಎಂದು ಬರೆದರೆ ಹತ್ತಿರ ಬರುತ್ತದೆ. ಆರನೇ ಶನಿವಾರ ಇದನ್ನು ಮಕ್ಕಳಿಂದ ಹೇಳಿಸುವಾಗ ಮುಂದಿನ ಸಾಲಿನವರು ಕೈಗೆ ಕರವಸ್ತ್ರ ತೆಗೆದುಕೊಳ್ಳಲಿ.